ಕತ್ತಲಾದ ಮೇಲೆ ಸೈಕಲ್: ಕರಾವಳಿಯ ದಾರಿಗೆ ಕೈಗೆಟಕುವ ದೀಪ ಆರಿಸುವ ಬಗೆ

ಮಂಗಳೂರಿನಲ್ಲಿ ನವೆಂಬರ್ ಕೊನೆಯ ಹೊತ್ತಿಗೆ ಸಂಜೆ ಆರರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ ಅದು ಏಳರ ಹತ್ತಿರಕ್ಕೆ ಸರಿಯುತ್ತದೆ, ಆದರೆ ಮೋಡ ಕವಿದು ಅದಕ್ಕೂ ಮೊದಲೇ ಕತ್ತಲಾಗಿರುತ್ತದೆ. ಬೈಕಂಪಾಡಿಯ ಕಾರ್ಖಾನೆಯಿಂದಲೋ, ಹಂಪನಕಟ್ಟೆಯ ಅಂಗಡಿಯಿಂದಲೋ, ಮಣಿಪಾಲದ ಆಸ್ಪತ್ರೆಯ ಪಾಳಿಯಿಂದಲೋ ಸೈಕಲ್ ತುಳಿದು ಮನೆಗೆ ಮರಳುವವರಿಗೆ ದೀಪ ವರ್ಷವಿಡೀ ಬೇಕು. ಒಳ್ಳೆಯ ದೀಪವೆಂದರೆ ದುಬಾರಿ ಎಂಬ ನಂಬಿಕೆಯಿಂದ ಎಷ್ಟೋ ಮಂದಿ ದೀಪವೇ ಇಲ್ಲದೆ ರಸ್ತೆಗೆ ಇಳಿಯುತ್ತಾರೆ. ಅದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಸುಮಾರು ಒಂದೂವರೆ ಸಾವಿರ ರೂಪಾಯಿಯಲ್ಲಿ ಮುಂದೆ ಒಂದು, ಹಿಂದೆ ಎರಡು ನಂಬಿಕೆಯ ದೀಪಗಳನ್ನು ಹೊಂದಿಸಿಕೊಳ್ಳಬಹುದು. ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಗೆ ಮರುಳಾಗದೆ, ನಮ್ಮ ರಸ್ತೆ, ನಮ್ಮ ಮಳೆ, ನಮ್ಮ ವೇಗಕ್ಕೆ ಹೊಂದುವುದನ್ನು ಹುಡುಕಿದರೆ ಸಾಕು.

ಮೊದಲು ನಿಮ್ಮ ದಾರಿಯನ್ನು ನೋಡಿ

ಅಂಗಡಿಗೆ ಹೋಗುವ ಮುನ್ನ ನೀವು ದಿನಾಲೂ ಸಾಗುವ ದಾರಿಯನ್ನು ಕತ್ತಲಾದ ಮೇಲೆ ಒಮ್ಮೆ ಗಮನವಿಟ್ಟು ನೋಡಿ. ಬೀದಿದೀಪ ಎಲ್ಲಿ ಇದೆ, ಎಲ್ಲಿ ಇಲ್ಲ, ಯಾವ ತಿರುವಿನಲ್ಲಿ ಹೊಂಡವಿದೆ, ಬಣ್ಣ ಬಳಿಯದ ಹಂಪ್ ಎಲ್ಲಿದೆ ಎಂಬುದು ಸ್ಪಷ್ಟವಾದರೆ ಅರ್ಧ ಆಯ್ಕೆ ಮುಗಿದಂತೆ.

ಬಲ್ಮಠ, ಕಂಕನಾಡಿ, ಲಾಲ್‌ಬಾಗ್‌ನಂಥ ಕಡೆ ಬೀದಿದೀಪದ ಜೊತೆ ಅಂಗಡಿಗಳ ಬೆಳಕೂ ಇರುತ್ತದೆ. ಅಲ್ಲಿ ರಸ್ತೆ ನಿಮಗೆ ಹೇಗೂ ಕಾಣುತ್ತದೆ; ನೀವು ಇತರರಿಗೆ ಕಾಣಬೇಕು, ಅಷ್ಟೆ. 100ರಿಂದ 200 ಲ್ಯೂಮೆನ್‌ನ (ದೀಪ ಚೆಲ್ಲುವ ಒಟ್ಟು ಬೆಳಕಿನ ಅಳತೆ) ಸಣ್ಣ ದೀಪ ಸಾಕು. ಕೊಟ್ಟಾರ ಚೌಕಿಯಿಂದ ಕೂಳೂರು ಸೇತುವೆ ದಾಟಿ ಪಣಂಬೂರಿನತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಕಷ್ಟ ಬೇರೆ. ಎದುರಿನಿಂದ ಬರುವ ಟ್ಯಾಂಕರಿನ ಬೆಳಕು ಕಣ್ಣಿಗೆ ರಾಚುತ್ತದೆ, ಅದು ದಾಟಿದ ಮರುಕ್ಷಣ ಕಣ್ಣಮುಂದೆ ಬರೀ ಕಪ್ಪು. ಆ ಕೆಲವು ಕ್ಷಣಗಳಲ್ಲಿ ರಸ್ತೆಯ ಅಂಚನ್ನು ತೋರಿಸಬಲ್ಲ 300ರಿಂದ 400 ಲ್ಯೂಮೆನ್ ಅಲ್ಲಿಗೆ ಬೇಕು. ಮೂರನೆಯದು ಒಳಗಿನ ಊರುಗಳ ದಾರಿ: ಒಂದು ಬದಿ ಗದ್ದೆ, ಇನ್ನೊಂದು ಬದಿ ಕೆಂಪುಕಲ್ಲಿನ ಪಾಗಾರ, ನಡುವೆ ಒಂದೇ ವಾಹನ ಹಿಡಿಸುವಷ್ಟು ರಸ್ತೆ, ಬೀದಿದೀಪ ಇಲ್ಲವೇ ಇಲ್ಲ. ಅಲ್ಲಿ ನಿಮ್ಮ ದೀಪವೊಂದೇ ಆಧಾರ.

ಏರು–ಇಳಿತವನ್ನೂ ಗಮನಿಸಿ. ಉಡುಪಿಯ ಕಲ್ಸಂಕದಿಂದ ಇಂದ್ರಾಳಿ ದಾಟಿ ಮಣಿಪಾಲಕ್ಕೆ ಹತ್ತುವಾಗ ಯಾವ ದೀಪವಾದರೂ ನಡೆಯುತ್ತದೆ, ಏಕೆಂದರೆ ವೇಗವೇ ಇರುವುದಿಲ್ಲ. ಅದೇ ದಾರಿಯಲ್ಲಿ ಇಳಿಯುವಾಗ ಪೆಡಲ್ ಮುಟ್ಟದೆಯೂ ಗಂಟೆಗೆ 30 ಕಿ.ಮೀ. ಮೀರಬಹುದು. ಕದ್ರಿ ಗುಡ್ಡದಿಂದ ಇಳಿಯುವವರಿಗೂ ಇದೇ ಮಾತು. ದೀಪವನ್ನು ಯಾವಾಗಲೂ ಇಳಿತದ ವೇಗಕ್ಕೆ ಆರಿಸಬೇಕು.

ನಿಲ್ಲಲು ಎಷ್ಟು ದೂರ ಬೇಕು?

ಈ ಲೆಕ್ಕ ಸುಲಭ, ಒಮ್ಮೆ ಮಾಡಿಕೊಂಡರೆ ಅಂಗಡಿಯವರು ಏನೇ ಹೇಳಿದರೂ ನಿಮಗೆ ಬೇಕಾದದ್ದು ಗೊತ್ತಿರುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೈಕಲ್ ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ಹೊಂಡ ಕಣ್ಣಿಗೆ ಬಿದ್ದು, ಅದು ಹೊಂಡವೆಂದು ಮನಸ್ಸಿಗೆ ಹೊಳೆದು, ಬೆರಳು ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದರೆ ಎಂಟು ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನೊಂದು ಐದು ಮೀಟರ್. ಒಟ್ಟು 13–14 ಮೀಟರ್. ರಿಮ್‌ಗೆ ಒತ್ತುವ ಸಾಮಾನ್ಯ ಬ್ರೇಕ್ ಮಳೆಯಲ್ಲಿ ಅರ್ಧದಷ್ಟೇ ಹಿಡಿಯುತ್ತದೆ ಎಂದುಕೊಂಡರೆ 18 ಮೀಟರ್ ದಾಟುತ್ತದೆ. ಇಳಿತದಲ್ಲಿ ವೇಗ 30 ಕಿ.ಮೀ. ಆದರೆ ಒಣಗಿದ್ದಾಗಲೇ 24 ಮೀಟರ್ ಬೇಕು, ಒದ್ದೆಯಲ್ಲಿ 35.

ಆದ್ದರಿಂದ ಸಮತಟ್ಟಾದ ನಗರದ ದಾರಿಗೆ 15–20 ಮೀಟರ್ ದೂರದ ರಸ್ತೆಯನ್ನು ನಿಚ್ಚಳವಾಗಿ ತೋರಿಸುವ ದೀಪ ಸಾಕು. ಇಳಿತದ ಕತ್ತಲ ದಾರಿಯಿದ್ದರೆ 500–600 ಲ್ಯೂಮೆನ್ ಹುಡುಕಿ. ಇಲ್ಲವೇ ಇಳಿಯುವಾಗ ಬ್ರೇಕ್ ಹಿಡಿದುಕೊಂಡೇ ಇಳಿಯಿರಿ. ಎರಡನೆಯದಕ್ಕೆ ಖರ್ಚಿಲ್ಲ.

ಮೊದಲ ಹಣ ಹಿಂದಿನ ದೀಪಕ್ಕೆ

ಎದುರಿನ ಅಪಾಯವನ್ನು ನೀವು ನೋಡಿ ತಪ್ಪಿಸಬಹುದು. ಬೆನ್ನ ಹಿಂದೆ ಬರುವ ಎಕ್ಸ್‌ಪ್ರೆಸ್ ಬಸ್ಸಿನ ಚಾಲಕ ನಿಮ್ಮನ್ನು ಕಂಡರಷ್ಟೇ ಉಳಿಗಾಲ. ಹೀಗಾಗಿ ಕೈಯಲ್ಲಿ ಇನ್ನೂರು ರೂಪಾಯಿ ಮಾತ್ರ ಇದ್ದರೆ ಅದು ಕೆಂಪು ದೀಪಕ್ಕೇ ಹೋಗಲಿ.

ಎರಡು ಹಿಂಬದಿ ದೀಪ ಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಮುಂದಿನ ದೀಪ ಆರಿದರೆ ತಕ್ಷಣ ತಿಳಿಯುತ್ತದೆ. ಹಿಂದಿನದು ದಾರಿಯ ಮಧ್ಯೆ ಆರಿದರೆ ಮನೆ ಮುಟ್ಟುವವರೆಗೂ ಗೊತ್ತಾಗುವುದಿಲ್ಲ. ಒಂದನ್ನು ಸದಾ ಉರಿಯುವಂತೆ, ಇನ್ನೊಂದನ್ನು ಮಿನುಗುವಂತೆ ಇಡಿ. ಮಿನುಗುವ ಬೆಳಕು ಬೇಗ ಗಮನ ಸೆಳೆಯುತ್ತದೆ, ಆದರೆ ಅದೊಂದನ್ನೇ ನೋಡಿ ಸೈಕಲ್ ಎಷ್ಟು ದೂರದಲ್ಲಿದೆ ಎಂದು ಅಂದಾಜಿಸುವುದು ಕಷ್ಟ. ಸ್ಥಿರವಾಗಿ ಉರಿಯುವ ಬೆಳಕು ಆ ಕೊರತೆ ತುಂಬುತ್ತದೆ. ಮುಂದಿನ ಬಿಳಿ ದೀಪವನ್ನಂತೂ ರಾತ್ರಿ ಮಿನುಗಿಸಲೇಬೇಡಿ. ಎದುರಿನವರಿಗೆ ಹಿಂಸೆ, ನಿಮಗೂ ರಸ್ತೆ ತುಂಡುತುಂಡಾಗಿ ಕಾಣುತ್ತದೆ.

ಎಲ್ಲಿ ಕಟ್ಟಬೇಕು ಎಂಬುದೂ ಮುಖ್ಯ. ಹೆಚ್ಚಿನ ದೀಪಗಳು ಸೀಟಿನ ಕೆಳಗಿನ ಕಂಬಕ್ಕೆ ಕಟ್ಟುವಂತೆ ಬರುತ್ತವೆ. ಮಳೆಗಾಲದಲ್ಲಿ ರೈನ್‌ಕೋಟಿನ ಹಿಂಭಾಗ ಜೋತುಬಿದ್ದು ಸರಿಯಾಗಿ ಅದನ್ನೇ ಮುಚ್ಚುತ್ತದೆ. ಕ್ಯಾರಿಯರ್‌ನಲ್ಲಿ ಬುತ್ತಿಚೀಲ ಇಟ್ಟರೂ ಇದೇ ಕಥೆ. ಆದ್ದರಿಂದ ಒಂದು ದೀಪ ಕ್ಯಾರಿಯರ್‌ನ ಹಿಂತುದಿಯಲ್ಲಿ ಅಥವಾ ಹಿಂದಿನ ಮಡ್‌ಗಾರ್ಡ್ ಮೇಲೆ ಇರಲಿ. ಹಿಂದಿಕ್ಕುವ ವಾಹನಗಳು ನಮ್ಮ ಬಲಬದಿಯಿಂದ ಬರುವುದರಿಂದ ಇನ್ನೊಂದನ್ನು ಚೌಕಟ್ಟಿನ ಬಲಗಡೆಯ ಕೊಳವೆಗೆ ಕಟ್ಟಿ. ರೈನ್‌ಕೋಟ್ ಹಾಕಿಕೊಂಡು ಸೀಟಿನಲ್ಲಿ ಕುಳಿತು, ಮನೆಯವರೊಬ್ಬರನ್ನು ಇಪ್ಪತ್ತು ಹೆಜ್ಜೆ ಹಿಂದೆ ನಿಲ್ಲಿಸಿ ಎರಡೂ ಕಾಣುತ್ತವೆಯೇ ಎಂದು ಕೇಳಿ.

ರಿಫ್ಲೆಕ್ಟರ್‌ಗಳನ್ನು ಕಿತ್ತೆಸೆಯಬೇಡಿ. ವಾಹನದ ಬೆಳಕು ಬಿದ್ದಾಗ ಮಾತ್ರ ಅವು ಹೊಳೆಯುತ್ತವೆ, ಹಾಗಾಗಿ ದೀಪಕ್ಕೆ ಬದಲಿಯಾಗುವುದಿಲ್ಲ. ಆದರೆ ಅವುಗಳ ಬ್ಯಾಟರಿ ಮುಗಿಯುವ ಪ್ರಶ್ನೆಯೇ ಇಲ್ಲ. ಪೆಡಲಿನ ಹಳದಿ ರಿಫ್ಲೆಕ್ಟರ್ ಮತ್ತು ಕಣಕಾಲಿಗೆ ಕಟ್ಟುವ ಹೊಳೆಯುವ ಪಟ್ಟಿ ಮೇಲೆ ಕೆಳಗೆ ಚಲಿಸುವುದರಿಂದ, ಇಲ್ಲಿ ಯಾರೋ ಸೈಕಲ್ ತುಳಿಯುತ್ತಿದ್ದಾರೆ ಎಂದು ಚಾಲಕನಿಗೆ ದೂರದಿಂದಲೇ ತಿಳಿಯುತ್ತದೆ. ನಂತೂರಿನಂಥ ಜಂಕ್ಷನ್‌ನಲ್ಲಿ ಅಡ್ಡ ಬದಿಯಿಂದ ಬರುವವರಿಗೆ ಮುಂದಿನ, ಹಿಂದಿನ ದೀಪಗಳೆರಡೂ ಸರಿಯಾಗಿ ಕಾಣುವುದಿಲ್ಲ. ಅಲ್ಲಿ ಚಕ್ರದ ಕಡ್ಡಿಗಳ ಮೇಲೆ ಅಂಟಿಸಿದ ಹೊಳೆಯುವ ಟೇಪ್ ಕೆಲಸಕ್ಕೆ ಬರುತ್ತದೆ.

ಡಬ್ಬಿಯ ಮೇಲಿನ ಸಂಖ್ಯೆಗಳನ್ನು ಓದುವುದು

ಲ್ಯೂಮೆನ್ ಎಂದರೆ ದೀಪ ಎಲ್ಲ ದಿಕ್ಕಿಗೂ ಚೆಲ್ಲುವ ಒಟ್ಟು ಬೆಳಕು. ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬಿದ್ದ ಬೆಳಕು. ಒಂದು ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ದರೆ ಒಂದು ಲಕ್ಸ್. ಸಾವಿರ ಲ್ಯೂಮೆನ್ ದೀಪ ಅರ್ಧ ಬೆಳಕನ್ನು ತೆಂಗಿನ ಗರಿಗಳ ಕಡೆಗೆ ಎಸೆದರೆ ನಿಮಗೇನು ಲಾಭ? ರಸ್ತೆಯ ಮೇಲೆ ಬಿದ್ದದ್ದಷ್ಟೇ ನಿಮ್ಮದು.

‘ಬೆಳಕು 200 ಮೀಟರ್ ಹೋಗುತ್ತದೆ’ ಎಂಬ ಬರಹವೂ ದಾರಿ ತಪ್ಪಿಸುತ್ತದೆ. ಟಾರ್ಚ್‌ಗಳಿಗಾಗಿ ಅಮೆರಿಕದಲ್ಲಿ ರೂಪಿಸಿದ ಎಫ್‌ಎಲ್1 ಮಾನದಂಡದಲ್ಲಿ, ಬೆಳಕು 0.25 ಲಕ್ಸ್‌ಗೆ ಇಳಿಯುವ ದೂರವೇ ಅದರ ವ್ಯಾಪ್ತಿ. ಇದು ಹುಣ್ಣಿಮೆಯ ಬೆಳದಿಂಗಳಷ್ಟು. ಬೆಳದಿಂಗಳಲ್ಲಿ ಹೊಂಡ ಕಂಡು ಬ್ರೇಕ್ ಹಿಡಿಯಲಾಗದು. ಅದೇ ಮಾನದಂಡದಲ್ಲಿ ದೀಪ ‘ಉರಿಯುವ ಅವಧಿ’ ಎಂದರೆ ಬೆಳಕು ಆರಂಭದ ಶೇ. 10ಕ್ಕೆ ಕುಸಿಯುವವರೆಗಿನ ಸಮಯ. ಐದು ಗಂಟೆ ಎಂದು ಬರೆದಿದ್ದರೆ ಕೊನೆಯ ಗಂಟೆಗಳು ಮಂಕಾಗಿರಬಹುದು.

ಸುಳ್ಳು ಹಿಡಿಯಲು ಒಂದು ಗುಣಾಕಾರ ಸಾಕು. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಸಾಮಾನ್ಯವಾಗಿ 3.7. ಡಬ್ಬಿಯಲ್ಲಿ 1,200 ಎಂಎಎಚ್ (ಬ್ಯಾಟರಿಯ ಸಾಮರ್ಥ್ಯದ ಅಳತೆ, ಮಿಲಿಆಂಪಿಯರ್-ಗಂಟೆ) ಎಂದಿದ್ದರೆ ಅದನ್ನು ಸಾವಿರದಿಂದ ಭಾಗಿಸಿ, ಬಂದ 1.2 ಅನ್ನು 3.7ರಿಂದ ಗುಣಿಸಿ: ಸುಮಾರು 4.4 ವ್ಯಾಟ್-ಗಂಟೆ. ಇಂಥ ಎಲ್‌ಇಡಿ ದೀಪಗಳಲ್ಲಿ ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಸಿಗುತ್ತದೆ ಎಂದುಕೊಳ್ಳಿ. 400 ಲ್ಯೂಮೆನ್‌ಗೆ 4 ವ್ಯಾಟ್ ಬೇಕು, ಅಂದರೆ ಒಂದು ಗಂಟೆಯ ಆಸುಪಾಸು. ‘400 ಲ್ಯೂಮೆನ್, 1,200 ಎಂಎಎಚ್, 6 ಗಂಟೆ’ ಎಂದು ಒಟ್ಟಿಗೆ ಬರೆದಿದ್ದರೆ ಆ ಆರು ಗಂಟೆ ಅತ್ಯಂತ ಮಂದ ಬೆಳಕಿನದು, ಇಲ್ಲವೇ ಮೂರರಲ್ಲಿ ಒಂದು ಸುಳ್ಳು. ನಿಮ್ಮ ಸವಾರಿ ಮುಕ್ಕಾಲು ಗಂಟೆಯಾದರೆ ಒಂದೂವರೆ ಗಂಟೆ ಪೂರ್ಣ ಬೆಳಕು ಕೊಡುವುದನ್ನು ಆರಿಸಿ. ಬ್ಯಾಟರಿ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ.

ಬೆಳಕಿನ ಆಕಾರ

ಕಡಿಮೆ ಬೆಲೆಯ ಹೆಚ್ಚಿನ ದೀಪಗಳು ಟಾರ್ಚಿನಂತೆ ದುಂಡಗಿನ ಬೆಳಕು ಚೆಲ್ಲುತ್ತವೆ. ಅರ್ಧ ರಸ್ತೆಗೆ, ಅರ್ಧ ಎದುರಿನವರ ಕಣ್ಣಿಗೆ. ಹೆದ್ದಾರಿಯಲ್ಲಿ ಅದು ಅಷ್ಟಾಗಿ ತಟ್ಟದು, ಆದರೆ ಊರೊಳಗಿನ ಇಕ್ಕಟ್ಟಾದ ದಾರಿಯಲ್ಲಿ ಯಕ್ಷಗಾನವೋ ಕೋಲವೋ ಮುಗಿಸಿ ನಡೆದು ಬರುವವರ ಮುಖಕ್ಕೆ ನೇರ ಬಡಿಯುತ್ತದೆ. ಕಣ್ಣು ಕತ್ತಲೆಗಟ್ಟಿದವರು ಯಾವ ಕಡೆ ಹೆಜ್ಜೆ ಇಡುತ್ತಾರೋ ಹೇಳಲಾಗದು.

ಕಾರಿನ ಡಿಮ್ ಬೆಳಕಿನಂತೆ ಮೇಲ್ಭಾಗವನ್ನು ಗೆರೆ ಎಳೆದಂತೆ ಕತ್ತರಿಸಿ, ಎಲ್ಲವನ್ನೂ ರಸ್ತೆಗೇ ಹಾಸುವ ದೀಪಗಳೂ ಇವೆ. ಜರ್ಮನಿಯ ವಾಹನ ನಿಯಮ ಸೈಕಲ್‌ಗೆ ಇಂಥದ್ದನ್ನೇ ಕಡ್ಡಾಯ ಮಾಡಿದೆ. ಅಲ್ಲಿ ಸೈಕಲ್‌ಗೆ ಮಿನುಗುವ ದೀಪಕ್ಕೂ ಅವಕಾಶವಿಲ್ಲ. ಆ ಮಾನ್ಯತೆ ಪಡೆದ ದೀಪದ ಮೇಲೆ ಅಲೆಯಂಥ ಗೆರೆ, ಇಂಗ್ಲಿಷಿನ ಕೆ ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತದೆ. ನಿಮ್ಮ ಬಜೆಟ್‌ನಲ್ಲಿ ಅಂಥದ್ದು ಸಿಕ್ಕರೆ ಲ್ಯೂಮೆನ್ ಕಡಿಮೆಯಿದ್ದರೂ ಬಿಡಬೇಡಿ. ಸಿಗದಿದ್ದರೆ ಮುಂಭಾಗದ ಗಾಜಿನಲ್ಲಿ ಉದ್ದುದ್ದ ಗೀರುಗಳಿರುವ, ಬೆಳಕನ್ನು ಅಡ್ಡಲಾಗಿ ಹರಡುವ ದೀಪ ಹುಡುಕಿ.

ಅಡ್ಡ ಹರವು ನಮ್ಮೂರಿನಲ್ಲಿ ಬಹಳ ಮುಖ್ಯ. ಮಂಗಳೂರಿನ ಅನೇಕ ರಸ್ತೆಗಳಿಗೆ ಕಾಂಕ್ರೀಟ್ ಹಾಕಿದ್ದಾರೆ. ಕಾಂಕ್ರೀಟಿನ ತಿಳಿ ಬಣ್ಣ ಬೆಳಕನ್ನು ಚೆನ್ನಾಗಿ ಮರಳಿಸುತ್ತದೆ, ಅದು ಅನುಕೂಲ. ಆದರೆ ಕಾಂಕ್ರೀಟ್ ಮುಗಿದು ಮಣ್ಣು ಶುರುವಾಗುವ ಎಡ ಅಂಚಿನಲ್ಲಿ ಹಲವೆಡೆ ಗೇಣುದ್ದದ ಇಳಿತ ಇರುತ್ತದೆ. ಬಸ್ಸಿಗೆ ದಾರಿ ಬಿಡಲು ಎಡಕ್ಕೆ ಸರಿದಾಗ ಮುಂಚಕ್ರ ಅಲ್ಲಿಂದ ಜಾರಿದರೆ ಬೀಳುವುದು ಖಂಡಿತ. ದೂರಕ್ಕೆ ಚೂಪಾಗಿ ಹೋಗುವ ಬೆಳಕಿಗೆ ಈ ಅಂಚು ಕಾಣುವುದೇ ಇಲ್ಲ.

ಒದ್ದೆ ರಸ್ತೆಯ ಪರೀಕ್ಷೆ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಕರಾವಳಿಯಲ್ಲಿ ದೀಪದ ನಿಜವಾದ ಯೋಗ್ಯತೆ ಆಟಿ ತಿಂಗಳಿನಲ್ಲಿ ತಿಳಿಯುತ್ತದೆ. ಮಾರ್ಚ್‌ನಲ್ಲಿ ಪ್ರಖರವಾಗಿದ್ದ ದೀಪ ಜುಲೈ ರಾತ್ರಿ ಸತ್ತಂತೆ ಕಾಣಲು ಕಾರಣವಿದೆ. ಒಣ ಟಾರು ಒರಟಾಗಿರುವುದರಿಂದ ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತದೆ, ಒಂದಿಷ್ಟು ನಿಮ್ಮ ಕಣ್ಣಿಗೂ ಮರಳುತ್ತದೆ. ಜಲ್ಲಿಯ ಸಂದುಗಳಲ್ಲಿ ನೀರು ತುಂಬಿ ಮೇಲ್ಮೈ ನುಣುಪಾದರೆ ರಸ್ತೆ ಕನ್ನಡಿಯಾಗುತ್ತದೆ. ನಿಮ್ಮ ಬೆಳಕು ಅಲ್ಲಿಂದ ಪುಟಿದು ಮುಂದಕ್ಕೆ ಹೋಗುತ್ತದೆ, ನಿಮ್ಮತ್ತ ಬರುವುದಿಲ್ಲ. ಎದುರಿನ ಬಸ್ಸಿನ ಬೆಳಕು ಮಾತ್ರ ಅದೇ ಕನ್ನಡಿಯಿಂದ ನಿಮ್ಮ ಕಣ್ಣಿಗೆ ಬರುತ್ತದೆ. ನೀರು ತುಂಬಿದ ಹೊಂಡವೂ ಸಮತಟ್ಟಾದ ರಸ್ತೆಯೂ ಆಗ ಒಂದೇ ತೆರನಾಗಿ ಹೊಳೆಯುತ್ತವೆ.

ಇದಕ್ಕೆ ಮೂರು ಉಪಾಯಗಳಿವೆ. ದೀಪವನ್ನು ಹ್ಯಾಂಡಲಿಗಿಂತ ಕೆಳಗೆ, ಮುಂಚಕ್ರದ ಫೋರ್ಕ್‌ನ ನೆತ್ತಿಯ ಹತ್ತಿರ ಕಟ್ಟಲು ಸಾಧ್ಯವಾದರೆ ಹಾಗೆ ಮಾಡಿ. ಬೆಳಕು ಓರೆಯಾಗಿ ಬಿದ್ದಷ್ಟೂ ಹೊಂಡದ ಅಂಚಿನ, ಚದುರಿದ ಜಲ್ಲಿಯ ನೆರಳು ಉದ್ದವಾಗಿ ಎದ್ದು ಕಾಣುತ್ತದೆ. ಮಳೆಹನಿಗಳಿಗೆ ಬಡಿದ ಬೆಳಕು ಕಣ್ಣಿಗೆ ಮರಳುವುದೂ ಕಡಿಮೆಯಾಗುತ್ತದೆ. ಹೆಲ್ಮೆಟ್‌ಗೆ ಕಟ್ಟಿದ ದೀಪ ಇದಕ್ಕೆ ತದ್ವಿರುದ್ಧ: ಕಣ್ಣಿನ ಮಟ್ಟದಲ್ಲೇ ಇರುವುದರಿಂದ ನೆರಳು ಕಾಣುವುದಿಲ್ಲ, ಎದುರಿಗೆ ಬಿಳಿ ಹನಿಗಳ ಪರದೆ ಏಳುತ್ತದೆ. ಎರಡನೆಯದಾಗಿ, ಮಳೆಗಾಲದಲ್ಲಿ ದೀಪವನ್ನು ತುಸು ಕೆಳಕ್ಕೆ ಬಾಗಿಸಿ ಬೆಳಕನ್ನು 12 ಮೀಟರಿನ ಆಸುಪಾಸಿಗೆ ತನ್ನಿ. ಮೂರನೆಯದು, ವೇಗವನ್ನು 15 ಕಿ.ಮೀ.ಗೆ ಇಳಿಸಿ. ಆ ವೇಗದಲ್ಲಿ ಒದ್ದೆ ಬ್ರೇಕಿನಲ್ಲೂ ಸುಮಾರು 12 ಮೀಟರಿನೊಳಗೆ ನಿಲ್ಲಬಹುದು.

ನೀರು ಮತ್ತು ಉಪ್ಪು

ಡಬ್ಬಿಯ ಮೇಲೆ ‘ವಾಟರ್‌ಪ್ರೂಫ್’ ಎಂದು ಬರೆದರೆ ಅದಕ್ಕೆ ಅರ್ಥವಿಲ್ಲ, ನೀರು, ದೂಳನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಸಂಖ್ಯೆ ಕೇಳಿ. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನಿಂದ ಸಿಡಿಯುವ ನೀರನ್ನು ತಡೆಯುತ್ತದೆ. 5 ಮತ್ತು 6 ಎಂದರೆ ರಭಸದ ನೀರಿನ ಧಾರೆಯನ್ನೂ ತಡೆಯುತ್ತದೆ. 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಸರಿ. ಎಕ್ಸ್ ಇರುವ ಜಾಗ ದೂಳಿನ ಪರೀಕ್ಷೆಯದು, ಅಲ್ಲಿ ಫಲಿತಾಂಶ ನಮೂದಿಸಿಲ್ಲ ಎಂದರ್ಥ. ಬೇರೆ ಊರಿನವರಿಗೆ 4 ಸಾಕಾದೀತು. ಜಡಿಮಳೆಯ ಜೊತೆ ಲಾರಿ ಚಕ್ರ ಎರಚುವ ನೀರನ್ನೂ ತಿನ್ನುವ ನಮ್ಮ ದೀಪಗಳಿಗೆ 5 ಅಥವಾ 6 ಇರಲಿ ಎನ್ನುತ್ತೇನೆ.

ದೀಪ ಹಾಳಾಗುವುದು ಹೆಚ್ಚಾಗಿ ಚಾರ್ಜಿಂಗ್ ಕಿಂಡಿಯಿಂದ. ಅದನ್ನು ಮುಚ್ಚುವ ರಬ್ಬರ್ ಮುಚ್ಚಳವನ್ನು ಅಂಗಡಿಯಲ್ಲೇ ತೆರೆದು ಮುಚ್ಚಿ ನೋಡಿ. ಒತ್ತಿದಾಗ ಗಟ್ಟಿಯಾಗಿ ಕೂರಬೇಕು, ತೆಳುವಾದ ಎಳೆಯೊಂದರಿಂದ ನೇತಾಡಬಾರದು. ಕಿಂಡಿ ದೀಪದ ಅಡಿಭಾಗದಲ್ಲಿದ್ದರೆ ಉತ್ತಮ. ಮಳೆಯಲ್ಲಿ ನೆನೆದು ಬಂದ ಕೂಡಲೇ ಚಾರ್ಜ್‌ಗೆ ಹಾಕಬೇಡಿ. ಒಳಗೆ ತೇವವಿದ್ದಾಗ ವಿದ್ಯುತ್ ಹರಿದರೆ ಲೋಹದ ತುದಿಗಳು ಬೇಗ ತುಕ್ಕು ತಿನ್ನುತ್ತವೆ. ಬಟ್ಟೆಯಿಂದ ಒರೆಸಿ, ಫ್ಯಾನ್ ಗಾಳಿಗೆ ಒಣಗಿಸಿ, ಆಮೇಲೆ ಹಾಕಿ. ಮಲ್ಪೆ, ಪಣಂಬೂರು, ಉಳ್ಳಾಲದಂಥ ಕಡಲ ಬದಿಯ ಊರುಗಳಲ್ಲಿ ಗಾಳಿಯಲ್ಲೇ ಉಪ್ಪಿದೆ. ಅಲ್ಲಿ ಕಬ್ಬಿಣದ ತಿರುಪಿಗಿಂತ ರಬ್ಬರ್ ಪಟ್ಟಿಯಿಂದ ಕಟ್ಟುವ ದೀಪ ಹೆಚ್ಚು ಬಾಳುತ್ತದೆ. ಮುಚ್ಚಳದ ಅಂಚಿಗೆ ಆಗಾಗ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ.

ಯಾವ ಬಗೆಯ ಬ್ಯಾಟರಿ?

ಒಳಗೇ ಬ್ಯಾಟರಿ ಇರುವ, ಯುಎಸ್‌ಬಿ ಚಾರ್ಜಿಂಗ್ ದೀಪ ಹೆಚ್ಚಿನವರಿಗೆ ಸರಿಯಾದ ಆಯ್ಕೆ. ಮೊಬೈಲ್ ಚಾರ್ಜರ್‌ನಿಂದಲೇ ತುಂಬಿಸಬಹುದು. ಟೈಪ್-ಸಿ ಕಿಂಡಿಯಿದ್ದರೆ ಬೇರೆ ಕೇಬಲ್ ಹುಡುಕುವ ಗೋಜಿಲ್ಲ.

ಬ್ಯಾಟರಿ ಬದಲಿಸಬಹುದಾದ ಟಾರ್ಚನ್ನು ಕ್ಲಾಂಪ್‌ನಿಂದ ಹ್ಯಾಂಡಲಿಗೆ ಕಟ್ಟುವವರೂ ಇದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಬಳಸುವ ಸೆಲ್‌ನ ಹೆಸರು 18650, 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ ಎಂಬುದರಿಂದ ಬಂದದ್ದು. ಒಳ್ಳೆಯ ಕಂಪನಿಯ ಸೆಲ್‌ಗಳೂ ಸಾಮಾನ್ಯವಾಗಿ 3,500 ಎಂಎಎಚ್ ಆಸುಪಾಸಿನಲ್ಲೇ ನಿಲ್ಲುತ್ತವೆ. 9,900 ಎಂದು ಬರೆದದ್ದು ಕಂಡರೆ ಅದು ನಕಲಿ, ಕೈಯಲ್ಲೂ ಹಿಡಿಯಬೇಡಿ. ಅನುಮಾನವಿದ್ದರೆ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಡಿ: ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, ಬಹಳ ಹಗುರವಾಗಿದ್ದರೆ ಒಳಗೆ ಸರಕಿಲ್ಲ. ಇಂಥ ಟಾರ್ಚಿನ ಬೆಳಕು ದುಂಡಗಿರುತ್ತದೆ ಎಂಬುದನ್ನೂ ನೆನಪಿಡಿ.

ಟಯರಿಗೆ ಒರಗಿ ತಿರುಗುವ ಹಳೆಯ 6 ವೋಲ್ಟ್, 3 ವ್ಯಾಟಿನ ಡೈನಮೋಗೆ ಚಾರ್ಜಿನ ಚಿಂತೆಯಿಲ್ಲ. ಆದರೆ ಒದ್ದೆ ಟಯರಿನ ಮೇಲೆ ಜಾರುತ್ತದೆ, ಸಿಗ್ನಲ್‌ನಲ್ಲಿ ನಿಂತ ಕೂಡಲೇ ದೀಪ ಆರುತ್ತದೆ. ಚಕ್ರದ ನಡುವೆಯೇ ಕೂರುವ ಹಬ್ ಡೈನಮೋ ಒಳ್ಳೆಯದು, ಆದರೆ ಬೆಲೆ ಈ ಬಜೆಟ್‌ಗೆ ನಿಲುಕದು. ಮೊಬೈಲ್‌ನ ಟಾರ್ಚ್ ಬೆಳಕನ್ನು ಎಲ್ಲೆಡೆ ಚದುರಿಸುತ್ತದೆ, ಮಳೆಯಲ್ಲಿ ಫೋನೂ ಹೋಗುತ್ತದೆ. ಅದು ಬೇಡ.

ಹಣದ ಹಂಚಿಕೆ

1,500 ರೂಪಾಯಿಯಲ್ಲಿ ನನ್ನ ಸಲಹೆ ಹೀಗೆ: ಹಿಂದಿನ ಎರಡು ದೀಪಗಳಿಗೆ ಒಟ್ಟು 500, ಮುಂದಿನದಕ್ಕೆ 800ರಿಂದ 900, ಉಳಿದದ್ದು ಹೊಳೆಯುವ ಟೇಪ್ ಮತ್ತು ಕಣಕಾಲ ಪಟ್ಟಿಗೆ. ಪೂರ್ತಿ ಬೆಳಕಿರುವ ನಗರದ ದಾರಿಯವರು ಮುಂದಿನ ದೀಪದಲ್ಲಿ ಅರ್ಧ ಉಳಿಸಬಹುದು. ಮುಂದೆ–ಹಿಂದೆ ಸೇರಿ ಇನ್ನೂರು, ಮುನ್ನೂರಕ್ಕೆ ಸಿಗುವ ಜೋಡಿಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅವುಗಳ ಹಿಂಬದಿ ದೀಪ ಕೆಲವೊಮ್ಮೆ ನಡೆದೀತು, ಮುಂದಿನದರ ಮೇಲೆ ಮಳೆಗಾಲದಲ್ಲಿ ಭರವಸೆ ಇಡಲಾಗದು.

ಕಟ್ಟಿ, ಗೋಡೆಯ ಮುಂದೆ ಸರಿಪಡಿಸಿ

ದೀಪ ಕಟ್ಟುವ ಜಾಗಕ್ಕೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿ ಅದರ ಮೇಲೆ ಬಿಗಿಯಿರಿ. ಹಂಪ್ ಹಾರಿದಾಗ ದೀಪ ತಲೆ ತಗ್ಗಿಸುವುದಿಲ್ಲ.

ಕತ್ತಲಾದ ಮೇಲೆ ಸಮನೆಲದಲ್ಲಿ, ಗೋಡೆಯಿಂದ ಸರಿಯಾಗಿ 5 ಮೀಟರ್ ದೂರದಲ್ಲಿ ದೀಪ ಬರುವಂತೆ ಸೈಕಲ್ ನಿಲ್ಲಿಸಿ. ನೆಲದಿಂದ ದೀಪದ ಎತ್ತರ ಅಳೆಯಿರಿ, 90 ಸೆಂ.ಮೀ. ಎಂದುಕೊಳ್ಳೋಣ. ಗೋಡೆಯ ಮೇಲೆ 90ಕ್ಕೆ ಒಂದು, 60ಕ್ಕೆ ಒಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಯಾರಾದರೂ ಸೀಟಿನಲ್ಲಿ ಕುಳಿತಿರಲಿ, ಭಾರ ಬಿದ್ದಾಗ ಟಯರ್ ತುಸು ಕೂರುತ್ತದೆ. ಬೆಳಕಿನ ಅತಿ ಪ್ರಖರ ಭಾಗ 60ರ ಗೆರೆಯ ಮೇಲೆ ಬಿದ್ದರೆ ಅದು ರಸ್ತೆಯಲ್ಲಿ 15 ಮೀಟರ್ ದೂರಕ್ಕೆ ಇಳಿಯುತ್ತದೆ. 70ಕ್ಕೆ ಏರಿಸಿದರೆ ಸುಮಾರು 22 ಮೀಟರ್, ಮಳೆಗಾಲದ 12–13 ಮೀಟರಿಗೆ 53ರ ಹತ್ತಿರ ಇಳಿಸಿ. 90ರ ಗೆರೆಗಿಂತ ಮೇಲೆ ಮಂಕಾದ ಬೆಳಕಷ್ಟೇ ಇರಬೇಕು. ಅಲ್ಲೂ ಪ್ರಖರವಾಗಿದ್ದರೆ ಆ ದೀಪ ಎದುರಿನವರ ಕಣ್ಣು ಕುಕ್ಕುತ್ತದೆ, ಇನ್ನಷ್ಟು ಬಾಗಿಸಿ.

ಕೊಂಡ ವಾರದೊಳಗೇ ಇನ್ನೊಂದು ಪರೀಕ್ಷೆ ಮಾಡಿ. ದೀಪವನ್ನು ಪೂರ್ತಿ ಚಾರ್ಜ್ ಮಾಡಿ, ನೀವು ದಿನಾ ಬಳಸುವ ಬೆಳಕಿನ ಮಟ್ಟದಲ್ಲಿಟ್ಟು, ಚಲಿಸುತ್ತಿರುವಾಗ ಸಿಗುವ ಗಾಳಿಯ ಬದಲಿಗೆ ಫ್ಯಾನ್ ಮುಂದೆ ಉರಿಸಿ. ಯಾವಾಗ ಮಂಕಾಯಿತು, ಯಾವಾಗ ಆರಿತು ಎಂದು ಬರೆದಿಡಿ. ಡಬ್ಬಿಯಲ್ಲಿ ಹೇಳಿದ್ದರ ಅರ್ಧವೂ ಬಾರದಿದ್ದರೆ ಬಿಲ್ ಸಮೇತ ಅಂಗಡಿಗೆ ಮರಳಿಸಿ. ಪ್ರತಿ ಮೇ ಕೊನೆಗೆ, ಮಳೆ ಹಿಡಿಯುವ ಮುನ್ನ ಇದೇ ಪರೀಕ್ಷೆ ಮತ್ತೆ ಮಾಡಿ. ಉರಿಯುವ ಸಮಯ ನಿಮ್ಮ ಸವಾರಿಯ ಸಮಯಕ್ಕೆ ಹತ್ತಿರ ಬಂದಿದ್ದರೆ ಆ ದೀಪವನ್ನು ಚೀಲದಲ್ಲಿ ಹೆಚ್ಚುವರಿಯಾಗಿ ಇಟ್ಟುಕೊಂಡು ಹೊಸದನ್ನು ಕೊಳ್ಳಿ.